ಬರೆದ ಲೆಕ್ಕ ಬೇರೆ, ಅಳೆದ ಲೆಕ್ಕ ಬೇರೆ

ಕಳೆದ ಏಪ್ರಿಲ್‌ನ ಒಂದು ರಾತ್ರಿ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ನಿಲ್ಲಿಸಿದ್ದ ನನ್ನ ಸೋದರಮಾವನ ಕ್ಯಾರವಾನ್‌ನಲ್ಲಿ ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು, ಫ್ರಿಜ್ಜು ಮಾತ್ರ ನಿಂತಿದ್ದರೆ ಬಹುಶಃ ಯಾರಿಗೂ ಎಚ್ಚರವಾಗುತ್ತಿರಲಿಲ್ಲ. ಆದರೆ ಒಳಗೆ ಮಲಗಿದ್ದ ಬೆಂಗಳೂರಿನ ಕುಟುಂಬದ ಹಿರಿಯರೊಬ್ಬರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಅವರು ದಿನಾ ರಾತ್ರಿ ಸಿಪ್ಯಾಪ್ ಎಂಬ ಯಂತ್ರದ ಮಾಸ್ಕ್ ಹಾಕಿಕೊಂಡೇ ಮಲಗುತ್ತಾರೆ. ಆ ಯಂತ್ರವೂ ನಿಂತಿತು.

ಹೊರಗೆ ಟೆಂಟಿನಲ್ಲಿ ಮಲಗಿದ್ದ ನಾನು, ಮಾವ ಎದ್ದು ಓಡಿದೆವು. ಅವರು ಗಾಬರಿಯಾಗಿರಲಿಲ್ಲ. 'ಪರವಾಗಿಲ್ಲಪ್ಪ, ಕೂತ್ಕೊಂಡೇ ಇರ್ತೀನಿ' ಎಂದು ಹೊರಗೆ ಕುರ್ಚಿ ಹಾಕಿಸಿಕೊಂಡು ಶಾಲು ಹೊದ್ದು ಬೆಳಗಿನವರೆಗೂ ಕುಳಿತರು. ಅವರ ಮಗ ಮಾತ್ರ ಒಂದೂ ಮಾತಾಡಲಿಲ್ಲ. ಎಂಜಿನ್ ಆನ್ ಮಾಡಿ ಇಡೋಣವೇ ಎಂದು ನಾನು ಕೇಳಿದೆ. 'ಮಲಗಿರೋರ ಪಕ್ಕದಲ್ಲಿ ಎಂಜಿನ್ ಓಡಿಸಬಾರದು ಕಣೋ, ಹೊಗೆ ಒಳಗೆ ಸೇರಿದರೆ ಪ್ರಾಣಕ್ಕೇ ಬರುತ್ತೆ' ಎಂದರು ಮಾವ. ಮೂರು ದಿನಕ್ಕೆಂದು ಬಂದಿದ್ದವರು ಮರುದಿನವೇ ಹೊರಟರು. ಮಾವ ಅರ್ಧಕ್ಕಿಂತ ಹೆಚ್ಚು ಹಣ ವಾಪಸ್ ಕೊಟ್ಟರು.

ಆ ಬ್ಯಾಟರಿಯ ಲೆಕ್ಕ ಮಾಡಿಕೊಟ್ಟವನು ನಾನು.

ಮಾವ ಇಪ್ಪತ್ತು ವರ್ಷದಿಂದ ಟಿಟಿ ಓಡಿಸುವವರು. ಕ್ಯಾರವಾನ್ ಪ್ರವಾಸಕ್ಕೆ ಈಗ ಜನ ಬರುತ್ತಾರೆ, ಪಕ್ಕದ ಕೇರಳ 2021ರಲ್ಲೇ ಅದಕ್ಕೊಂದು ನೀತಿ ಮಾಡಿದೆ ಎಂದೆಲ್ಲ ಕೇಳಿ ತಿಳಿದು, ಸಾಲ ಮಾಡಿ, ಆರ್‌ಟಿಒ ಅನುಮತಿ ಪಡೆದು ತಮ್ಮ ಹಳೆಯ ಗಾಡಿಯೊಳಗೆ ಮಂಚ, ಸಣ್ಣ ಅಡುಗೆಕಟ್ಟೆ, ಫ್ರಿಜ್ ಎಲ್ಲ ಮಾಡಿಸಿದರು. 'ಕರೆಂಟಿನ ಲೆಕ್ಕ ನೀನೇ ನೋಡಪ್ಪ, ಓದ್ತಿರೋದೇ ಅದನ್ನಲ್ವಾ' ಎಂದರು. ನಾನು ಎಲೆಕ್ಟ್ರಿಕಲ್ ಬಿಇ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಹೆಮ್ಮೆಯಿಂದಲೇ ಒಂದು ಹಾಳೆ ತೆಗೆದುಕೊಂಡು ಕುಳಿತೆ.

ಹಾಳೆಯ ಮೇಲೆ ಎಲ್ಲ ಸರಿಯಿತ್ತು

ಬ್ಯಾಟರಿ 12 ವೋಲ್ಟ್, 150 ಎಎಚ್. ಗುಣಿಸಿದರೆ 1,800 ವ್ಯಾಟ್-ಅವರ್. ಖರ್ಚು ಹೀಗೆ: ಫ್ರಿಜ್ 45 ವ್ಯಾಟ್, ಅದರ ಕಂಪ್ರೆಸರ್ ನಿಂತು ನಿಂತು ಓಡುವುದರಿಂದ ದಿನಕ್ಕೆ ಹತ್ತು ಗಂಟೆ ಎಂದಿಟ್ಟುಕೊಂಡರೆ 450. ಐದು ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪ ಐದು ಗಂಟೆಗೆ 100. ಹದಿನೈದು ವ್ಯಾಟ್‌ನ ಎರಡು ಫ್ಯಾನ್ ಎಂಟು ಗಂಟೆಗೆ 240. ನಾಲ್ಕು ಮೊಬೈಲ್ ಚಾರ್ಜ್ ಮಾಡಲು 80. ಒಟ್ಟು 870. ಮೇಲೆ 200 ವ್ಯಾಟ್ ಸೋಲಾರ್ ಪ್ಯಾನೆಲ್, ಐದು ಗಂಟೆ ಒಳ್ಳೆಯ ಬಿಸಿಲು ಎಂದರೆ 1,000. ಬರುವುದು ಸಾವಿರ, ಹೋಗುವುದು ಎಂಟುನೂರ ಎಪ್ಪತ್ತು. ಬಿಸಿಲೇ ಬಾರದಿದ್ದರೂ ಎರಡು ದಿನಕ್ಕೆ ಮೋಸವಿಲ್ಲ. ಕೆಳಗೆ ಎರಡು ಗೆರೆ ಎಳೆದು ಮಾವನಿಗೆ ಕೊಟ್ಟೆ.

ಪರೀಕ್ಷೆಯಲ್ಲಿ ಬರೆದಿದ್ದರೆ ಈ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು. ತೋಟದಲ್ಲಿ ಅದು ಹದಿನೇಳು ಗಂಟೆಯೂ ಬಾಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಗಾಡಿ ನಿಂತಿತ್ತು, ರಾತ್ರಿ ಮೂರಕ್ಕೆ ಬ್ಯಾಟರಿ ಸತ್ತಿತ್ತು.

ಬ್ಯಾಟರಿ ಅಂಗಡಿಯಲ್ಲಿ ವಿಚಾರಿಸಿದಾಗ ಒಂದೇ ಮಾತು: 'ಇನ್ನೊಂದು ಬ್ಯಾಟರಿ ಹಾಕಿಸಿಬಿಡಿ ಸಾರ್.' ಹದಿನೆಂಟು ಸಾವಿರ ರೂಪಾಯಿ. ಮಾವ ಒಪ್ಪಿಯೂ ಬಿಟ್ಟಿದ್ದರು. ಒಂದು ವಾರ ಸಮಯ ಕೊಡಿ ಎಂದು ನಾನು ಬೇಡಿಕೊಂಡೆ. ತಪ್ಪು ಎಲ್ಲಾಯಿತು ಎಂದು ತಿಳಿಯದೆ ಇನ್ನೊಂದು ಬ್ಯಾಟರಿ ಹಾಕುವುದೆಂದರೆ, ತೂತು ಹುಡುಕದೆ ಇನ್ನೊಂದು ಕೊಡ ತಂದ ಹಾಗೆ. ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಮಲ್ಟಿಮೀಟರ್, ಡಿಸಿ ಕ್ಲ್ಯಾಂಪ್ ಮೀಟರ್ ಎರವಲು ತಂದೆ. ಬಿಇ ಸೇರಿ ಎರಡು ವರ್ಷ ದಾಟಿದ ಮೇಲೆ, ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯೊಂದಕ್ಕೆ ನಾನು ಮೀಟರ್ ಹಿಡಿದದ್ದು ಅದೇ ಮೊದಲು.

ಮೀಟರ್ ಹೇಳಿದ ಕಥೆ

ಮೊದಲನೆಯ ತಪ್ಪು ಬ್ಯಾಟರಿಯ ಮೈಮೇಲಿನ ಸಂಖ್ಯೆಯನ್ನು ನಂಬಿದ್ದು. ಲೆಡ್-ಆಸಿಡ್ ಬ್ಯಾಟರಿಯ 150 ಎಎಚ್ ಎಂಬುದು ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರ್‌ನಂತೆ, ತೆಗೆದಾಗ ಸಿಗುವ ಪ್ರಮಾಣ. ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ತೆಗೆಯುವ ಹಾಗೂ ಇಲ್ಲ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಖಾಲಿಯಾದದ್ದನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಹಾಗಾಗಿ ನನ್ನ 1,800ರಲ್ಲಿ ಧೈರ್ಯವಾಗಿ ಖರ್ಚು ಮಾಡಬಹುದಾಗಿದ್ದದ್ದು 900 ಮಾತ್ರ.

ಎರಡನೆಯದು, ಬ್ಯಾಟರಿ ತುಂಬಿದೆ ಎಂದುಕೊಂಡದ್ದು. ಹಾಸನದಿಂದ ತೋಟದವರೆಗೆ ಗಾಡಿ ಓಡುತ್ತದೆ, ಆಲ್ಟರ್ನೇಟರ್ ಚಾರ್ಜ್ ಮಾಡುತ್ತದೆ, ತಲುಪುವಷ್ಟರಲ್ಲಿ ಫುಲ್ ಎಂಬುದು ನನ್ನ ನಂಬಿಕೆ. ಅದೇ ರಸ್ತೆಯಲ್ಲಿ ಅಷ್ಟೇ ದೂರ ಓಡಿಸಿ, ಎಲ್ಲ ಆಫ್ ಮಾಡಿ ಮೂರು ಗಂಟೆ ಬಿಟ್ಟು ನೋಡಿದರೆ ಮೀಟರ್ 12.4 ತೋರಿಸಿತು. ವಿಶ್ರಾಂತಿಯಲ್ಲಿರುವ ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದರೆ ಸುಮಾರು 12.7 ವೋಲ್ಟ್, ಅರ್ಧವಿದ್ದರೆ ಸುಮಾರು 12.2. ಅಂದರೆ ನಾವು ಹೊರಟದ್ದೇ ಮುಕ್ಕಾಲು ಬ್ಯಾಟರಿಯಲ್ಲಿ.

ಕಾರಣ ಹುಡುಕಲು ಎಂಜಿನ್ ಓಡುವಾಗ ಎರಡು ಕಡೆ ಅಳೆದೆ. ಮುಂದೆ ಆಲ್ಟರ್ನೇಟರ್ ಹತ್ತಿರ 14.2 ವೋಲ್ಟ್, ಹಿಂದೆ ಬ್ಯಾಟರಿ ಹತ್ತಿರ 12.9. ನಡುವೆ ಹೋದದ್ದೆಲ್ಲಿಗೆ? ತಂತಿಗೆ! ಗ್ಯಾರೇಜಿನಲ್ಲಿ ಎಳೆದಿದ್ದದ್ದು 2.5 ಚದರ ಮಿಲಿಮೀಟರ್ ತಂತಿ. ಹೋಗುವ ಬರುವ ದಾರಿ ಸೇರಿ ಹತ್ತು ಮೀಟರ್. ಇಪ್ಪತ್ತು ಆಂಪಿಯರ್ ಹರಿದರೆ ಅದರಲ್ಲೇ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಓದಿದ ಓಮ್‌ನ ನಿಯಮ. ಮನೆಯ 230 ವೋಲ್ಟ್‌ನಲ್ಲಿ ಒಂದೂವರೆ ವೋಲ್ಟ್ ಹೋದರೆ ಗೊತ್ತೇ ಆಗುವುದಿಲ್ಲ. ಹನ್ನೆರಡು ವೋಲ್ಟ್‌ನ ಗಾಡಿಯಲ್ಲಿ ಅದೇ ಪ್ರಾಣ. ಈ ಬ್ಯಾಟರಿ ಪೂರ್ತಿ ತುಂಬಬೇಕಾದರೆ 14.4ರ ಆಸುಪಾಸು ವೋಲ್ಟೇಜ್ ಕೆಲವು ಗಂಟೆ ಸಿಗಬೇಕು. ಅದರ ಕೊನೆಯ ಕಾಲುಭಾಗ ತುಂಬುವುದು ಬಹಳ ನಿಧಾನ. ಒಂದು ಗಂಟೆ ಪ್ರಯಾಣದಲ್ಲಿ, ಸಣಕಲು ತಂತಿಯಲ್ಲಿ ಅದು ಆಗುವ ಮಾತಲ್ಲ.

ಮೂರನೆಯದು ಪ್ಯಾನೆಲ್. ಮಾವನ ಜೊತೆ ಮತ್ತೆ ಅದೇ ತೋಟಕ್ಕೆ ಹೋಗಿ, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅರ್ಧ ಗಂಟೆಗೊಮ್ಮೆ ರೀಡಿಂಗ್ ಬರೆದೆ. ಕಾಫಿ ತೋಟವೆಂದರೆ ಸಿಲ್ವರ್ ಓಕ್ ನೆರಳು. ಗಾಡಿ ತಂಪಾಗಿರಲಿ ಎಂದು ನಾವೇ ಹುಡುಕಿ ನೆರಳಿಗೆ ನಿಲ್ಲಿಸಿದ್ದೆವು. ಪ್ಯಾನೆಲ್‌ನೊಳಗಿನ ಸೆಲ್‌ಗಳು ಸರಪಳಿಯಂತೆ ಜೋಡಿಸಿದವು, ಕೆಲವಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಸಿಯುತ್ತದೆ. ದಿನವಿಡೀ ಸಿಕ್ಕಿದ್ದು ಸುಮಾರು 300 ವ್ಯಾಟ್-ಅವರ್. ಇನ್ನೊಂದು ದಿನ ಕೆರೆ ಏರಿಯ ಬಯಲಲ್ಲಿ ನಿಲ್ಲಿಸಿ ಅಳೆದರೆ 680. ಬಟ್ಟಬಯಲಲ್ಲೂ ನನ್ನ ಸಾವಿರ ಬರಲಿಲ್ಲ. ಪ್ಯಾನೆಲ್ ಬಿಸಿಯಾದಷ್ಟೂ ಅದರ ವಿದ್ಯುತ್ ಇಳಿಯುತ್ತದೆ, ಛಾವಣಿಯ ಮೇಲೆ ಅಂಗಾತ ಮಲಗಿದ್ದರೆ ಸೂರ್ಯನಿಗೆ ನೇರ ಮುಖ ಮಾಡಿರುವುದಿಲ್ಲ, ಧೂಳು ಬೇರೆ. 200 ವ್ಯಾಟ್ ಎಂಬುದು 25 ಡಿಗ್ರಿ ತಾಪಮಾನದ ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆ.

ನಾಲ್ಕನೆಯದು ಕಣ್ಣಿಗೆ ಕಾಣದ ಕಳ್ಳ, ಇನ್ವರ್ಟರ್. ಅದಕ್ಕೆ ಏನೂ ಸಿಕ್ಕಿಸದಿದ್ದರೂ ಒಂದು ಆಂಪಿಯರ್ ಎಳೆಯುತ್ತಿತ್ತು. ಒಂದು ಆಂಪಿಯರ್ ಏನು ಮಹಾ ಎನ್ನಬೇಡಿ. 12 ವ್ಯಾಟ್, 24 ಗಂಟೆ, ದಿನಕ್ಕೆ 288. ಫ್ರಿಜ್ಜಿನ ಖರ್ಚಿನ ಅರ್ಧಕ್ಕಿಂತ ಹೆಚ್ಚು, ಸುಮ್ಮನೆ ಹಸಿರು ದೀಪ ಉರಿಸಿಕೊಂಡು ಕೂತಿದ್ದಕ್ಕೆ!

ಐದನೆಯದು, ನಾನು ಕೇಳದೇ ಬಿಟ್ಟ ಪ್ರಶ್ನೆ. ಅತಿಥಿಗಳು ಏನೇನು ತರುತ್ತಾರೆ ಎಂದು ಯಾರೂ ವಿಚಾರಿಸಿರಲಿಲ್ಲ. ಬಿಸಿನೀರಿನ ಹ್ಯೂಮಿಡಿಫೈಯರ್ ಸೇರಿ ಆ ಸಿಪ್ಯಾಪ್ ಯಂತ್ರಕ್ಕೆ ಸುಮಾರು 50 ವ್ಯಾಟ್. ಇನ್ವರ್ಟರ್ ನಷ್ಟ ಸೇರಿಸಿದರೆ ಐದು ಗಂಟೆಗೇ ಮುನ್ನೂರರ ಹತ್ತಿರ. ಅವರ ಸೊಸೆ ಕಾಫಿಗೆಂದು 600 ವ್ಯಾಟ್‌ನ ಸಣ್ಣ ಎಲೆಕ್ಟ್ರಿಕ್ ಕೆಟಲ್ ತಂದಿದ್ದರು. ಅದನ್ನು ಹಾಕಿದಾಗ ಬ್ಯಾಟರಿಯಿಂದ ಐವತ್ತೈದು-ಅರವತ್ತು ಆಂಪಿಯರ್. ಮೂರು ಸಲದ ಕಾಫಿಗೆ ಸುಮಾರು 280. ತಪ್ಪು ಅವರದಲ್ಲ. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಕಂಡರೆ ಯಾರಾದರೂ ಸಿಕ್ಕಿಸುತ್ತಾರೆ.

ಎಲ್ಲ ಕೂಡಿಸಿದೆ. ಆ ಹದಿನೇಳು ಗಂಟೆಗಳಲ್ಲಿ ಖರ್ಚು 1,400 ದಾಟಿತ್ತು, ಬಂದದ್ದು 300. ಬ್ಯಾಟರಿ ಮೋಸ ಮಾಡಿರಲಿಲ್ಲ. ಇನ್ನೊಂದು ಬ್ಯಾಟರಿ ಇದ್ದಿದ್ದರೆ? ಅದೂ ಅದೇ ತಂತಿಯಲ್ಲಿ ಮುಕ್ಕಾಲು ತುಂಬಿ, ಅದೇ ನೆರಳಿನಲ್ಲಿ ನಿಂತು, ಒಂದು ದಿನ ತಡವಾಗಿ ಸಾಯುತ್ತಿತ್ತು. ಬ್ಯಾಟರಿ ಕರೆಂಟು ಹುಟ್ಟಿಸುವುದಿಲ್ಲ, ಇಟ್ಟುಕೊಳ್ಳುತ್ತದೆ ಅಷ್ಟೆ. ಕಣಜ ದೊಡ್ಡದಾದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ.

ಖರೀದಿಸಿದ್ದು ಕಡಿಮೆ, ಬದಲಿಸಿದ್ದು ಹೆಚ್ಚು

ಆಲ್ಟರ್ನೇಟರ್‌ನಿಂದ ಹಿಂದಿನ ಬ್ಯಾಟರಿಗೆ 16 ಚದರ ಮಿಲಿಮೀಟರ್ ತಂತಿ ಎಳೆಸಿದೆವು. ಅದೇ ಇಪ್ಪತ್ತು ಆಂಪಿಯರ್‌ಗೆ ಈಗ ನಷ್ಟ 0.2 ವೋಲ್ಟ್ ಅಷ್ಟೆ. ಎರಡೂ ಬ್ಯಾಟರಿಗಳ ಪಾಸಿಟಿವ್ ಟರ್ಮಿನಲ್ ಹತ್ತಿರವೇ ಫ್ಯೂಸ್ ಹಾಕಿಸಿದೆವು. ದಪ್ಪ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಬೆಂಕಿಯೇ ಗತಿ. ಒಂದು ಪ್ಯಾನೆಲ್ಲನ್ನು ಛಾವಣಿಯಿಂದ ಇಳಿಸಿ ಉದ್ದ ಕೇಬಲ್ ಕೊಟ್ಟೆವು. ಗಾಡಿ ನೆರಳಲ್ಲಿರುತ್ತದೆ, ಪ್ಯಾನೆಲ್ ಬಿಸಿಲಲ್ಲಿರುತ್ತದೆ. ಕೆಟಲ್ ಬದಲು ಗ್ಯಾಸ್ ಸ್ಟೌವ್. ಮೊಬೈಲ್‌ಗಳಿಗೆ ನೇರ 12 ವೋಲ್ಟ್‌ನ ಯುಎಸ್‌ಬಿ ಪಾಯಿಂಟ್. ಇನ್ವರ್ಟರ್ ಬೇಕಾದಾಗ ಮಾತ್ರ ಆನ್. ಪ್ರತಿ ಪ್ರವಾಸದ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡುತ್ತೇವೆ. ತಂತಿ, ಫ್ಯೂಸು, ಪಾಯಿಂಟು ಎಲ್ಲ ಸೇರಿ ಖರ್ಚಾದದ್ದು ನಾಲ್ಕು ಸಾವಿರದೊಳಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೂವತ್ತು ರೂಪಾಯಿಯ ನೋಟ್‌ಬುಕ್. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಒಮ್ಮೆ, ಸಂಜೆ ಒಮ್ಮೆ ವೋಲ್ಟೇಜ್ ಬರೆಯುವುದು. ಬೆಳಗಿನ ಸಂಖ್ಯೆ 12.2ಕ್ಕಿಂತ ಕೆಳಗಿದ್ದರೆ ಆ ದಿನ ಖರ್ಚು ಕಡಿಮೆ ಮಾಡುವುದು, ಇಲ್ಲವೇ ಗಾಡಿ ಓಡಿಸುವುದು. ಸಿಪ್ಯಾಪ್ ಬಳಸುವವರು ಬಂದರೆ ಅವರ ಯಂತ್ರಕ್ಕೆ ಹೊಂದುವ ಡಿಸಿ ಅಡಾಪ್ಟರ್ ಇದೆಯೇ, ಹ್ಯೂಮಿಡಿಫೈಯರ್ ಆಫ್ ಮಾಡಿ ಮಲಗಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡು ಬರಲು ಮೊದಲೇ ಹೇಳುತ್ತೇವೆ. ಬೇರೇನೂ ಮುಟ್ಟದ ಒಂದು ಸಣ್ಣ ಬ್ಯಾಟರಿಯನ್ನು ಅದಕ್ಕೇ ಮೀಸಲಿಡುವುದು ಇನ್ನೂ ಕ್ಷೇಮ.

ಒಂದು ವಿಷಯದಲ್ಲಿ ಮಾತ್ರ ಮಾವ ಮೊದಲಿಂದಲೂ ನನಗಿಂತ ಜಾಣರಾಗಿದ್ದರು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯೇ ಬೇರೆ, ಒಳಗಿನ ಬಳಕೆಯದೇ ಬೇರೆ ಇರಬೇಕು, ಎಂಜಿನ್ ನಿಂತಾಗ ಎರಡರ ಸಂಪರ್ಕ ತಾನಾಗಿ ತಪ್ಪಬೇಕು ಎಂದು ಹಟ ಹಿಡಿದಿದ್ದರು. 'ದುಡ್ಡು ದಂಡ ಮಾವ' ಎಂದಿದ್ದೆ ನಾನು. ಆವತ್ತು ಎರಡೂ ಒಂದೇ ಆಗಿದ್ದಿದ್ದರೆ, ನೆಟ್‌ವರ್ಕ್ ಸಿಗದ ಆ ತೋಟದಿಂದ ಬೆಳಿಗ್ಗೆ ಗಾಡಿ ಅಲ್ಲಾಡುತ್ತಲೇ ಇರಲಿಲ್ಲ. ಆ ಹಿರಿಯರಿಗೆ ರಾತ್ರಿಯೇ ಹೆಚ್ಚುಕಡಿಮೆಯಾಗಿದ್ದಿದ್ದರೆ? ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

'ಲಿಥಿಯಂ ಹಾಕಿಸಿದ್ದರೆ ಈ ರಗಳೆಯೇ ಇರಲಿಲ್ಲ' ಎನ್ನುವ ಗೆಳೆಯರಿದ್ದಾರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನಿಜಕ್ಕೂ ಒಳ್ಳೆಯದು. ತೂಕ ಕಡಿಮೆ, ಶೇ 80ಕ್ಕೂ ಹೆಚ್ಚು ಬಳಸಬಹುದು, ಅರ್ಧ ಚಾರ್ಜ್‌ನಲ್ಲಿ ಬಿಟ್ಟರೂ ಕೆಡುವುದಿಲ್ಲ. ಆ ರಸಾಯನವನ್ನು ಜಗತ್ತಿಗೆ ಪರಿಚಯಿಸಿದ 1997ರ ಪ್ರಬಂಧದಲ್ಲಿ ಮುಂದೆ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಜೊತೆ ಪಾಢಿ, ನಂಜುಂಡಸ್ವಾಮಿ ಎಂಬ ಎರಡು ಹೆಸರುಗಳಿವೆ. ನಂಜುಂಡಸ್ವಾಮಿ ಎಂಬ ಹೆಸರು ನೋಡಿ ನನಗೆ ಪಕ್ಕದ ಮನೆಯವರನ್ನು ಕಂಡಷ್ಟು ಖುಷಿಯಾಗಿತ್ತು. ಆದರೆ ಅದರ ಬೆಲೆ ಹೆಚ್ಚು. ಖಾಲಿಯಾಗುತ್ತ ಬರುವವರೆಗೂ ಅದರ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದಿಲ್ಲ, ಒಳಬಂದ ಹೊರಹೋದ ಆಂಪಿಯರ್ ಲೆಕ್ಕವಿಡುವ ಬೇರೆ ಮೀಟರ್ ಬೇಕು. ಆಲ್ಟರ್ನೇಟರ್‌ನಿಂದ ಅತಿಯಾಗಿ ಎಳೆಯದಂತೆ ನಡುವೆ ಡಿಸಿ-ಡಿಸಿ ಚಾರ್ಜರ್ ಕೂಡ ಬೇಕು. ಲಿಥಿಯಂ ಹಾಕಿದರೂ ಸಿಲ್ವರ್ ಓಕ್ ನೆರಳು ನೆರಳೇ.

ರೆಕಾರ್ಡ್ ಬುಕ್ಕಿನ ಪಾಪ

ಇಷ್ಟೆಲ್ಲ ಕ್ಯಾರವಾನ್ ಪುರಾಣ ಹೇಳಿದ್ದಕ್ಕೆ ಕಾರಣವಿದೆ. ನನ್ನ ಹಾಳೆಯಲ್ಲಿ ಒಂದು ಸೂತ್ರವೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಏನೆಂದರೆ, ಅದರಲ್ಲಿದ್ದ ಒಂದು ಸಂಖ್ಯೆಯನ್ನೂ ನಾನು ಅಳೆದಿರಲಿಲ್ಲ. ಎಲ್ಲವೂ ಸ್ಟಿಕ್ಕರ್‌ನಿಂದ, ವಿಡಿಯೊದಿಂದ, ಪಠ್ಯದಿಂದ ಎತ್ತಿಕೊಂಡವು.

ಈ ಅಭ್ಯಾಸ ನನಗೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಪ್ರಾಮಾಣಿಕವಾಗಿ ಹೇಳೋಣ ಗೆಳೆಯರೇ, ಲ್ಯಾಬ್‌ನಲ್ಲಿ ನಾವೆಲ್ಲ ಮಾಡುವುದೇನು? ಸೀನಿಯರ್‌ಗಳ ರೆಕಾರ್ಡ್ ಎದುರಿಗಿಟ್ಟುಕೊಂಡು ಕೂರುತ್ತೇವೆ. ಮೀಟರ್ ಒಂದು ಹೇಳಿ ಗ್ರಾಫ್ ಇನ್ನೊಂದು ಕೇಳಿದರೆ, ಗ್ರಾಫ್‌ಗೆ ಹೊಂದುವಂತೆ ರೀಡಿಂಗ್ ತಿದ್ದುತ್ತೇವೆ. ನಾಲ್ವರ ತಂಡದಲ್ಲಿ ಒಬ್ಬ ಕನೆಕ್ಷನ್ ಕೊಡುತ್ತಾನೆ, ಮೂವರು ಬರೆದುಕೊಳ್ಳುತ್ತಾರೆ. ಸಹಿ ಬೀಳುತ್ತದೆ, ಇಂಟರ್ನಲ್ಸ್ ಬರುತ್ತದೆ. ತಿದ್ದಿದ ರೀಡಿಂಗ್‌ಗೆ ಕಾಲೇಜಿನಲ್ಲಿ ಯಾವ ಶಿಕ್ಷೆಯೂ ಇಲ್ಲ. ಹೊರಗೆ ಅದರ ಶಿಕ್ಷೆಯನ್ನು ಎಪ್ಪತ್ತು ದಾಟಿದ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತು ಅನುಭವಿಸಿದರು.

ಮೇಷ್ಟ್ರುಗಳನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಅರವತ್ತು ಜನರಿಗೆ ಆರು ಟೇಬಲ್ ಇರುವ ಕಡೆ ಅವರಾದರೂ ಏನು ಮಾಡಿಯಾರು? ಆದರೆ ಒಂದು ಬದಲಾವಣೆಗೆ ಹಣ ಬೇಕಿಲ್ಲ. ಪಾಠದ ಗ್ರಾಫ್‌ಗೆ ಹೊಂದದ ರೀಡಿಂಗ್ ಬಂದರೆ ಹಾಗೇ ಬರೆಯಲು ಬಿಡಿ, ಯಾಕೆ ಹೊಂದಲಿಲ್ಲ ಎಂಬುದಕ್ಕೆ ಅಂಕ ಕೊಡಿ. ನಾವು ಕಲಿಯುವುದು ಆ 'ಯಾಕೆ'ಯಲ್ಲೇ.

ಕೆಲಸ ಹುಡುಕುತ್ತಿರುವವರಿಗೂ ಇದು ಸಂಬಂಧಿಸಿದ ಮಾತು. ಸೋಲಾರ್, ಮೊಬೈಲ್ ಟವರ್, ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್, ಆಸ್ಪತ್ರೆಯ ಯುಪಿಎಸ್, ಎಲ್ಲಿ ನೋಡಿದರೂ ಬ್ಯಾಟರಿಯೇ. ಸಂದರ್ಶನದಲ್ಲಿ ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಹೆಸರು ಕೇಳಿ ಯಾರೂ ಬೆರಗಾಗುವುದಿಲ್ಲ. 'ಒಂದು ಬ್ಯಾಟರಿ ರಾತ್ರಿ ಮೂರಕ್ಕೆ ಯಾಕೆ ಸತ್ತಿತು ಎಂದು ನಾನೇ ಅಳೆದು ಕಂಡುಹಿಡಿದೆ' ಎಂದು ಹೇಳಿ, ಆ ನೋಟ್‌ಬುಕ್ ತೋರಿಸಿದರೆ ಕನಿಷ್ಠ ಮುಂದಿನ ಪ್ರಶ್ನೆಯಾದರೂ ಬರುತ್ತದೆ ಎಂಬ ಭರವಸೆ ನನಗಿದೆ. ಅದಕ್ಕೆ ಕ್ಯಾರವಾನ್ ಬೇಕಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಇದೆ. ಬರುವ ಭಾನುವಾರ ಒಂದು ಮಲ್ಟಿಮೀಟರ್ ಎರವಲು ತನ್ನಿ. ಕೈಯ ಉಂಗುರ, ಕಡಗ ತೆಗೆದಿಡಿ, ಬೆಂಕಿ ಹತ್ತಿರ ತರಬೇಡಿ. ಚಾರ್ಜರ್ ಆಫ್ ಮಾಡಿ, ಲೋಡ್ ತೆಗೆದು, ಮೂರು ಗಂಟೆ ಬಿಟ್ಟು ಅಳೆಯಿರಿ. ಬಂದದ್ದನ್ನು ಬಂದ ಹಾಗೇ ಬರೆದಿಡಿ.

ಮಾವನ ಗಾಡಿ ಆಮೇಲೆ ಐದಾರು ಪ್ರವಾಸ ಮಾಡಿ ಬಂದಿದೆ. ರಾತ್ರಿ ಕರೆಂಟು ಹೋಗಿಲ್ಲ. ಜುಲೈನಲ್ಲಿ ಒಬ್ಬರು ಫೋನ್ ಮಾಡಿ ತೋಟದಲ್ಲೇ ನಾಲ್ಕು ದಿನ ಉಳಿಯಬೇಕೆಂದರು. ಮಲೆನಾಡಿನ ಮಳೆ, ಬಿಸಿಲಿಲ್ಲ, ಗಾಡಿಯೂ ಓಡುವುದಿಲ್ಲ. ಮಾವ ನೋಟ್‌ಬುಕ್ ತಿರುವಿ ನೋಡಿ, 'ಎರಡು ದಿನಕ್ಕಾದರೆ ಬನ್ನಿ ಸಾರ್, ನಾಲ್ಕು ದಿನಕ್ಕೆ ನಮ್ಮ ಬ್ಯಾಟರಿ ಬರಲ್ಲ' ಎಂದರು. ಫೋನಿಟ್ಟು ನನ್ನ ಕಡೆ ತಿರುಗಿ, 'ಈಗ ನಿನ್ನ ಲೆಕ್ಕ ಸರಿಯಾಯ್ತು ನೋಡು' ಎಂದರು.